ಮೊದಲ ದಿನ ಚಕ್ರ ಮುಟ್ಟಬೇಡ

ಮಗು, ಗೆರೆ ಹಿಂಬಾಲಿಸೋ ರೋಬಾಟ್ ಬಂಡಿಯ ಕಿಟ್ಟಿನ ಡಬ್ಬ ಬಂದ ಗಳಿಗೆಯಲ್ಲೇ ಚಕ್ರ ಸಿಕ್ಕಿಸಿ, ಯಾರೋ ಬರೆದ ಪ್ರೋಗ್ರಾಂ ತುಂಬಿ, ಬಂಡಿಯನ್ನು ನೆಲಕ್ಕೆ ಬಿಡೋ ಪೈಕಿ ನೀನು. ಕೈ ಚುರುಕು, ತಲೆಯೂ ಚುರುಕು, ಸಂತೋಷವೇ. ಆದರೆ ಮೊದಲ ದಿನ ಚಕ್ರ ಮುಟ್ಟಬೇಡ. ಆ ದಿನ ಸೆನ್ಸರಿಗೆ ಮೀಸಲು.

ಬಿಳಿ ಚಾರ್ಟ್ ಹಾಳೆಯ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸು. ಸೆನ್ಸರನ್ನು ಹಾಳೆಯಿಂದ ಒಂದು ಸೆಂಟಿಮೀಟರಿಗಿಂತ ಕಡಿಮೆ ಎತ್ತರದಲ್ಲಿ ಹಿಡಿದು ಮೆಲ್ಲಗೆ ಸರಿಸು. ಅದು ಬಿಡೋ ಇನ್ಫ್ರಾರೆಡ್ ಬೆಳಕನ್ನು ಬಿಳಿ ಹಾಳೆ ತಿರುಗಿಸಿ ಕಳಿಸುತ್ತೆ, ಕಪ್ಪು ಟೇಪು ನುಂಗುತ್ತೆ. ಬಂಡಿಗೆ ಗೊತ್ತಿರೋ ಲೋಕ ಇಷ್ಟೇ. ಸೆನ್ಸರ್ ಮಾಡ್ಯೂಲಿನ ಮೇಲಿರೋ ಪುಟ್ಟ ಸ್ಕ್ರೂ ತಿರುಗಿಸುತ್ತಾ ಹೋಗು. ಟೇಪಿನ ಅಂಚು ದಾಟಿದಾಗಲೆಲ್ಲ ಸೂಚಕ ದೀಪ ತಪ್ಪದೆ ಬದಲಾಗೋವರೆಗೂ ಬಿಡಬೇಡ. ಕುಣಿಯಲಾರದವರು ನೆಲ ಡೊಂಕು ಅಂದರಂತೆ. ಇಲ್ಲಿ ನೆಲ ನಿಜಕ್ಕೂ ಡೊಂಕಿರುತ್ತೆ ಕಣಪ್ಪ! ಹೊಳೆಯೋ ಟೈಲ್ಸೂ ಕಿಟಕಿಯಿಂದ ಬೀಳೋ ಬಿಸಿಲೂ ಸೆನ್ಸರನ್ನು ದಾರಿ ತಪ್ಪಿಸುತ್ತವೆ. ಬಿಸಿಲಲ್ಲೂ ಇನ್ಫ್ರಾರೆಡ್ ಇದೆಯಲ್ಲ.

ಇನ್ನು ಬ್ಯಾಟರಿ. ಪ್ರೋಗ್ರಾಮಿನಲ್ಲೇ ತಪ್ಪಿದೆ ಅಂತ ರಾತ್ರಿಯೆಲ್ಲಾ ತಿದ್ದಿದ ಮಕ್ಕಳನ್ನು ನಾನು ಕಂಡಿದ್ದೀನಿ. ಮಲ್ಟಿಮೀಟರ್ ಹಿಡಿದರೆ ಬ್ಯಾಟರಿಯಲ್ಲಿ ಜೀವವೇ ಇರೋಲ್ಲ. ಪುಟ್ಟ 9 ವೋಲ್ಟಿನ ಬ್ಯಾಟರಿಗೆ ಚಕ್ರ ತಿರುಗಿಸೋ ಎರಡು ಬಿಒ ಮೋಟಾರ್ ಎಳೆಯೋ ತಾಕತ್ತಿಲ್ಲ. ಚಕ್ರ ಹೊರಡೋ ಹೊತ್ತಿಗೆ ವೋಲ್ಟೇಜ್ ಕುಸಿದು, ಪ್ರೋಗ್ರಾಂ ನಡೆಸೋ ಆರ್ಡುಯಿನೋ ಬೋರ್ಡು ಮತ್ತೆ ಮೊದಲಿಂದ ಶುರುವಾಗುತ್ತೆ. ಮೋಟಾರ್ ನಡೆಸೋ ಎಲ್298ಎನ್ ಡ್ರೈವರ್ ತನ್ನ ಪಾಲಿಗೆ ಹೆಚ್ಚುಕಡಿಮೆ 2 ವೋಲ್ಟ್ ತಿಂದುಬಿಡುತ್ತೆ ಬೇರೆ. 3.7 ವೋಲ್ಟಿನ ಎರಡು ಲಿಥಿಯಂ ಸೆಲ್ ಸಾಲಾಗಿ ಹಾಕು, ಪ್ಲಸ್ಸು ಮೈನಸ್ಸು ಎರಡೆರಡು ಸಲ ನೋಡಿಕೋ. ಬ್ಯಾಟರಿಯ ಮೈನಸ್, ಡ್ರೈವರಿನ ಗ್ರೌಂಡ್, ಆರ್ಡುಯಿನೋ ಗ್ರೌಂಡ್ ಮೂರೂ ಕೂಡಿರಬೇಕು.

ಪ್ರೋಗ್ರಾಂ ನೀನೇ ಬರಿ, ಚಿಕ್ಕದು. ಟೇಪಿನ ಆಚೆ ಈಚೆ ಒಂದೊಂದು ಸೆನ್ಸರ್. ಎರಡಕ್ಕೂ ಬಿಳಿ ಕಂಡರೆ ನೇರ ಹೋಗು. ಎಡದ್ದಕ್ಕೆ ಕಪ್ಪು ಕಂಡರೆ ಬಂಡಿ ಬಲಕ್ಕೆ ಜಾರಿದೆ ಅಂತ ಅರ್ಥ, ಎಡ ಚಕ್ರ ನಿಧಾನ ಮಾಡು. ಎರಡೇ ಸೆನ್ಸರಾ ಅಂತ ಮೂಗು ಮುರಿಯಬೇಡ. 1948–49ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಗ್ರೇ ವಾಲ್ಟರ್ ಅನ್ನೋ ವಿಜ್ಞಾನಿ ಆಮೆಯಂಥ ಎರಡು ಯಂತ್ರ ಕಟ್ಟಿದರು. ಒಂದೊಂದಕ್ಕೂ ಬೆಳಕು ನೋಡೋ ಕಣ್ಣೊಂದು, ಡಿಕ್ಕಿ ತಿಳಿಯೋ ಸ್ವಿಚ್ಚೊಂದು, ಹಳೇ ರೇಡಿಯೋದಲ್ಲಿರುವಂಥ ಎಲೆಕ್ಟ್ರಾನಿಕ್ ವಾಲ್ವು ಎರಡು. ಅಷ್ಟರಲ್ಲೇ ಅವು ಬೆಳಕು ಹುಡುಕಿ ಹೋಗುತ್ತಿದ್ದವು, ಅಡ್ಡ ಬಂದದ್ದನ್ನು ಬಳಸಿ ದಾಟುತ್ತಿದ್ದವು.

ಪ್ರೋಗ್ರಾಮಿನಲ್ಲಿ ವೇಗದ ಜಾಗದಲ್ಲಿ ಪೂರ್ತಿ ವೇಗದ 255 ಅಂತ ಬರೆಯೋಕೆ ನಿನ್ನ ಬೆರಳು ತುರಿಸುತ್ತೆ, ಬಲ್ಲೆ. ಅರ್ಧಕ್ಕೆ ಇಳಿಸು. ಪೂರ್ತಿ ವೇಗದಲ್ಲಿ ಬಿಟ್ಟರೆ, ಸೆನ್ಸರ್ ತಿರುವು ಕಂಡು, ಮೋಟಾರ್ ಅದಕ್ಕೆ ಓಗೊಡೋ ಹೊತ್ತಿಗೆ ಬಂಡಿ ಗೆರೆ ದಾಟಿಯಾಗಿರುತ್ತೆ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿದ್ದನ್ನು ಪುಸ್ತಕದಲ್ಲಿ ಬರೆದಿಡು. ಸ್ಕ್ರೂ, ವೇಗ, ಪ್ರೋಗ್ರಾಂ ಮೂರನ್ನೂ ಒಟ್ಟಿಗೆ ತಿರುಚಿದರೆ ಬಂಡಿ ಸರಿಹೋದರೂ ಯಾವುದರಿಂದ ಅಂತ ನಿನಗೆ ತಿಳಿಯೋಲ್ಲ.

ಸ್ಪರ್ಧೆಗೆ ಹೋದಾಗ ಅಲ್ಲಿನ ದೀಪ ಬೇರೆ, ನೆಲ ಬೇರೆ. ಮನೆಯಲ್ಲಿ ಕೂರಿಸಿದ ಸ್ಕ್ರೂ ಅಲ್ಲಿಗೆ ಹೊಂದದೇ ಹೋಗಬಹುದು. ಅರ್ಧ ಗಂಟೆ ಮುಂಚೆ ಹೋಗಿ ಅವರ ಹಾಳೆಯ ಮೇಲೇ ಸೆನ್ಸರ್ ಹೊಂದಿಸಿಕೋ. ಜೇಬಲ್ಲಿ ಸ್ಕ್ರೂಡ್ರೈವರ್ ಮರೀಬೇಡ.