ನೆಲ ಎಷ್ಟು ನಡುಗಿತು? ಹೇಳುವುದು ಸುಲಭವಲ್ಲ!

ಮಕ್ಕಳೇ, ಕೊಳಾರ, ಭಾಲ್ಕಿ, ಔರಾದ – ನಿಮ್ಮ ಊರು ಯಾವುದೇ ಇರಲಿ, 1993ರ ಸೆಪ್ಟೆಂಬರ್ 30ರ ಬಗ್ಗೆ ಮನೆಯ ಹಿರಿಯರನ್ನು ಕೇಳಿ. ಅಂದು ನಸುಕಿನ 4 ಗಂಟೆಗೆ ಸ್ವಲ್ಪ ಮೊದಲು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಬಳಿ ಭೂಕಂಪವಾಯಿತು. ಸುಮಾರು 10,000 ಜನ ಸತ್ತರು. ಕಿಲ್ಲಾರಿ ಬೀದರ್‌ನಿಂದ ನೇರ ದೂರದಲ್ಲಿ ಸುಮಾರು 100 ಕಿ.ಮೀ. ಅಷ್ಟೇ. ನಮ್ಮ ಜಿಲ್ಲೆಯೂ ನಡುಗಿತು.

ಆ ಭೂಕಂಪದ ಪರಿಮಾಣ 6.2. ಇದು ಭೂಮಿಯೊಳಗೆ ಬಿಡುಗಡೆಯಾದ ಶಕ್ತಿಯನ್ನು ಸೂಚಿಸುತ್ತದೆ. ಒಂದು ಭೂಕಂಪಕ್ಕೆ ಒಂದೇ ಪರಿಮಾಣ. ಆದರೆ ತೀವ್ರತೆ ಊರಿಂದೂರಿಗೆ ಬೇರೆ. ಗುಡಿಯ ಗಂಟೆಯನ್ನು ಒಮ್ಮೆ ಬಾರಿಸಿದರೆ ಹತ್ತಿರ ಜೋರಾಗಿ, ದೂರದಲ್ಲಿ ಮೆಲ್ಲಗೆ ಕೇಳುವುದಿಲ್ಲವೇ? ಹಾಗೆಯೇ ಇದು. ಪತ್ರಿಕೆಗಳು ಎಷ್ಟೋ ಸಲ ಪರಿಮಾಣವನ್ನೇ ‘ತೀವ್ರತೆ’ ಎಂದು ಬರೆಯುತ್ತವೆ. ನೀವು ಗೊಂದಲಕ್ಕೆ ಒಳಗಾಗಬೇಡಿ.

ತೀವ್ರತೆಯನ್ನು 1ರಿಂದ 12ರವರೆಗಿನ ಅಂಕಗಳಲ್ಲಿ ಹೇಳುತ್ತಾರೆ. ಪ್ರತಿ ಊರಿನಲ್ಲೂ ಅಳೆಯುವ ಯಂತ್ರ ಇರುವುದಿಲ್ಲ. ಆದ್ದರಿಂದ ಜನರ ಅನುಭವ ಮತ್ತು ಕಟ್ಟಡಗಳ ಹಾನಿಯೇ ಸಾಕ್ಷಿ. ತೊಡಕು ಇರುವುದು ಇಲ್ಲಿಯೇ.

ಕಿಲ್ಲಾರಿ ಸುತ್ತಲಿನ ಬಹಳಷ್ಟು ಮನೆಗಳ ಗೋಡೆಗಳು ದಪ್ಪ ಕಲ್ಲಿನವು. ಕಲ್ಲುಗಳ ನಡುವೆ ಇದ್ದದ್ದು ಬರೀ ಮಣ್ಣು, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಇಂಥ ಮನೆ ಬಿದ್ದರೆ ಅದು ನೆಲದ ನಡುಕವನ್ನು ಹೇಳುತ್ತದೆಯೇ, ಗೋಡೆಯ ದುರ್ಬಲತೆಯನ್ನು ಹೇಳುತ್ತದೆಯೇ? ಎರಡನ್ನೂ ಬೆರೆಸಿ ಹೇಳುತ್ತದೆ! ಅದಕ್ಕಾಗಿಯೇ ತಜ್ಞರು ಮೊದಲು ಮನೆಗಳನ್ನು ವಿಂಗಡಿಸುತ್ತಾರೆ: ಮಣ್ಣು-ಕಲ್ಲಿನವು, ಇಟ್ಟಿಗೆಯವು, ಕಬ್ಬಿಣ-ಕಾಂಕ್ರೀಟಿನವು. ಆಮೇಲೆ ಪ್ರತಿ ಬಗೆಯಲ್ಲಿ ಎಷ್ಟು ಪಾಲು ಹಾಳಾಯಿತು ಎಂದು ಎಣಿಸುತ್ತಾರೆ.

ಜನರ ಮಾತಿನಲ್ಲೂ ವ್ಯತ್ಯಾಸವಿದೆ. ಮೇಲಂತಸ್ತಿನಲ್ಲಿದ್ದವರಿಗೆ ನಡುಕ ಹೆಚ್ಚು ತಿಳಿಯುತ್ತದೆ. ಗಾಢ ನಿದ್ದೆಯಲ್ಲಿದ್ದವರಿಗೆ ತಿಳಿಯದೆಯೂ ಹೋಗಬಹುದು. ಮೆತ್ತನೆಯ ಮಣ್ಣು ಗಟ್ಟಿ ಬಂಡೆಗಿಂತ ಹೆಚ್ಚು ಅಲುಗಾಡುತ್ತದೆ. ಜನರೇ ಇಲ್ಲದ ಬಯಲಿನಿಂದ ವರದಿ ಬರುವುದಿಲ್ಲ. ಹಾಗೆಂದು ಅಲ್ಲಿ ನೆಲ ನಡುಗಲಿಲ್ಲ ಎನ್ನಲಾದೀತೇ?

ಮಾಡಿ ನೋಡಿ: 1993ರ ಭೂಕಂಪ ನೆನಪಿರುವ 10 ಹಿರಿಯರನ್ನು ಬೇರೆ ಬೇರೆಯಾಗಿ ಭೇಟಿ ಮಾಡಿ. “ಪಾತ್ರೆ ಬಿದ್ದವೇ?” ಎಂದು ಕೇಳಬೇಡಿ, ಕೇಳಿದರೆ ಉತ್ತರವನ್ನು ನೀವೇ ಹೇಳಿಕೊಟ್ಟಂತೆ. “ಏನಾಯಿತು?” ಎಂದಷ್ಟೇ ಕೇಳಿ. ಅವರು ಆಗ ಯಾವ ಊರಿನಲ್ಲಿ, ಎಂಥ ಮನೆಯಲ್ಲಿ, ಎಚ್ಚರವಿದ್ದರೋ ಮಲಗಿದ್ದರೋ ಬರೆದುಕೊಳ್ಳಿ. “ನನಗೇನೂ ಗೊತ್ತಾಗಲಿಲ್ಲ” ಎಂದವರ ಮಾತನ್ನೂ ಬಿಡದೆ ಬರೆಯಿರಿ. ಅದೂ ಒಂದು ಸಾಕ್ಷಿ. ನಂತರ ನಿಮ್ಮ ಮನೆಯ ಗೋಡೆಯನ್ನೊಮ್ಮೆ ನೋಡಿ: ಕಲ್ಲುಗಳನ್ನು ಹಿಡಿದಿಟ್ಟಿರುವುದು ಮಣ್ಣೋ, ಸಿಮೆಂಟೋ?