ಹೆತ್ತವರ ನಂತರ ಮಗನ ಆರೈಕೆ

ಪ್ರಶ್ನೆ: ಬಸವನಗುಡಿಯ ವೃದ್ಧ ದಂಪತಿಗೆ ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕ ಮಗನಿದ್ದಾನೆ. ಮುಂದೆ ಅವನಿಗೆ ಯಾರು ದಿಕ್ಕು?

ಉತ್ತರ: ಮಗನಿಗೆ 18 ತುಂಬಿದ ಮೇಲೆ ಹೆತ್ತವರು ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಯುಡಿಐಡಿ (ವಿಶಿಷ್ಟ ಅಂಗವೈಕಲ್ಯ ಗುರುತಿನ) ಕಾರ್ಡ್ ಮಾಡಿಸಿ, ಆ ಸಮಿತಿಗೆ ಅರ್ಜಿ ಹಾಕುವುದೇ ಮೊದಲ ಕೆಲಸ. ರಾಷ್ಟ್ರೀಯ ನ್ಯಾಸದ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಆಗುತ್ತದೆ.

ಮನೆಯನ್ನು ನೇರವಾಗಿ ಮಗನ ಹೆಸರಿಗೆ ಬರೆಯುವುದು ಸುರಕ್ಷಿತವಲ್ಲ. ಮೋಸ ಹೋಗುವ ಭಯ ನಿಜವಾದದ್ದು. ಮನೆಯನ್ನು ಮಗನಿಗಾಗಿ ಮಾಡಿದ ಖಾಸಗಿ ಟ್ರಸ್ಟ್‌ಗೆ ಸೇರಿಸುವುದು ಮೇಲು. ಟ್ರಸ್ಟ್ ಪತ್ರ ನೋಂದಣಿಯಾಗಲೇಬೇಕು, ಅದರ ಕರಡನ್ನು ವಕೀಲರಿಂದಲೇ ಮಾಡಿಸಬೇಕು. ಹೆತ್ತವರಿಗೆ ಸರ್ಕಾರಿ ಪಿಂಚಣಿಯಿದ್ದರೆ ಕುಟುಂಬ ಪಿಂಚಣಿಗೆ ಮಗನ ಹೆಸರನ್ನು ಈಗಲೇ ಸೇರಿಸಬೇಕು.

ಮುಂದೆ ಮಗ ವಸತಿ ಕೇಂದ್ರದಲ್ಲಿ ಇರಬೇಕಾದರೆ, ಅಲ್ಲಿಗೆ ಒಮ್ಮೆಲೇ ಕಳಿಸದೆ, ಹೆತ್ತವರು ಗಟ್ಟಿಯಿರುವಾಗಲೇ ವಾರಾಂತ್ಯಗಳಿಂದ ಆರಂಭಿಸಬೇಕು. ಮಗನ ಇಷ್ಟವನ್ನೂ ಕೇಳಬೇಕು. ಅವನ ನಿದ್ದೆ, ನಡವಳಿಕೆ ಕೆಟ್ಟರೆ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತೋರಿಸಬೇಕು.