‘ಪರ್ಸೆಂಟೇಜ್ ಹಾಕಿಸಿಕೊಡ್ತೀವಿ’ ಎನ್ನುವವರು ಮತ್ತು ನಿಮ್ಮ ಅಪಘಾತ ಪರಿಹಾರ

ಕಾಲು ಮುರಿದದ್ದು ನಿಜ, ರಾಡ್ ಹಾಕಿದ್ದೂ ನಿಜ, ಆದರೂ ಕ್ಲೇಮ್ ಕೇಸು ಬಿದ್ದುಹೋಗುತ್ತದೆ. ಅಂಥ ಫೈಲು ಹಿಡಿದು ಅಪೀಲಿಗೆಂದು ಬರುವವರು ಹೇಳುವ ಕಥೆ ಹೆಚ್ಚುಕಮ್ಮಿ ಒಂದೇ. ವಾರ್ಡಿಗೇ ಬಂದ ಏಜೆಂಟ್ “ನಲವತ್ತು ಪರ್ಸೆಂಟ್ ಹಾಕಿಸ್ತೀವಿ, ನೀವು ಸೈನ್ ಮಾಡಿ ಸಾಕು” ಅಂದಿರುತ್ತಾನೆ.

ಒಬ್ಬ ಗಾರೆ ಕೆಲಸದವರಿಗೆ ಮುರಿದದ್ದು ಬಲಗಾಲು. ಏಜೆಂಟ್ ತಂದುಕೊಟ್ಟ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಇದ್ದದ್ದು ಎಡಗಾಲು. ಬರೆದ ಡಾಕ್ಟರು ಅವರನ್ನು ಕಣ್ಣಿಂದಲೂ ನೋಡಿರಲಿಲ್ಲ. ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಹೆಚ್ಚು ಮಾತಾಡಲಿಲ್ಲ, “ಸರ್ಟಿಫಿಕೇಟ್ ರಿಜಿಸ್ಟರ್ ತಂದಿದ್ದೀರಾ?” ಎಂದರು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ಪ್ರಮಾಣಪತ್ರ ಕೊಡುವ ಡಾಕ್ಟರು ರಿಜಿಸ್ಟರ್ ಇಡಬೇಕು. ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ವಿಳಾಸ, ಒಂದಾದರೂ ಗುರುತಿನ ಮಚ್ಚೆ ಬರೆದುಕೊಂಡು ಪ್ರತಿ ಉಳಿಸಿಕೊಳ್ಳಬೇಕು. ಆ ಡಾಕ್ಟರ ಬಳಿ ಅದೇನೂ ಇರಲಿಲ್ಲ. ಆಮೇಲೆ ಅಸಲಿ ಎಕ್ಸ್‌ರೇಯನ್ನೂ ಯಾರೂ ನಂಬಲಿಲ್ಲ.

ಇಷ್ಟಕ್ಕೂ ಆ ಪರ್ಸೆಂಟಿನ ಆಸೆಯೇ ದಂಡ. ಕಾಲಿಗೆ 45 ಪರ್ಸೆಂಟ್ ಅಂದರೆ ಇಡೀ ದೇಹಕ್ಕೆ ಅಷ್ಟಲ್ಲ, ಆದಾಯದ ನಷ್ಟವಂತೂ ಅಲ್ಲವೇ ಅಲ್ಲ. ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ಪ್ರಕರಣದಲ್ಲಿ (2011ರ ವರದಿ) ಇದನ್ನು ಬಿಡಿಸಿ ಹೇಳಿದೆ. ಮೋಟಾರು ಅಪಘಾತ ಕ್ಲೇಮುಗಳ ನ್ಯಾಯಮಂಡಳಿ ನೋಡುವುದು ಆ ಗಾಯದಿಂದ ನಿಮ್ಮ ದುಡಿಮೆ ಎಷ್ಟು ಕೆಟ್ಟಿತು ಅನ್ನುವುದನ್ನು. ಕೈ ಕಳೆದುಕೊಂಡ ಡ್ರೈವರ್‌ಗೂ, ಕೈ ಕಳೆದುಕೊಂಡೂ ತಮ್ಮ ನೌಕರಿಯಲ್ಲೇ ಮುಂದುವರಿದ ಗುಮಾಸ್ತರಿಗೂ ಲೆಕ್ಕ ಬೇರೆ. ಚಿಕಿತ್ಸೆ ಕೊಡದೆ ಧಾರಾಳವಾಗಿ ಪ್ರಮಾಣಪತ್ರ ಹಂಚುವ ಡಾಕ್ಟರುಗಳ ಬಗ್ಗೆಯೂ ಆ ತೀರ್ಪು ಎಚ್ಚರಿಸಿದೆ. ಹಾಗಾಗಿ ಪ್ರಮಾಣಪತ್ರಕ್ಕಿಂತ ನಿಮ್ಮ ಕೆಲಸದ ಪುರಾವೆ ಮುಖ್ಯ: ಕೂಲಿ ಚೀಟಿ, ಲೈಸೆನ್ಸ್, ಮೇಸ್ತ್ರಿಯ ಸಾಕ್ಷ್ಯ.

ಆಪರೇಷನ್ ಮಾಡಿದ ಡಾಕ್ಟರನ್ನೇ ಸಾಕ್ಷಿಯಾಗಿ ಕರೆಸಿ. ಅವರು ಬರಲು ಒಪ್ಪುವುದಿಲ್ಲ ಅನ್ನುವುದು ಏಜೆಂಟರ ಹಳೇ ರಾಗ. ಸಮನ್ಸ್ ಇದೆ, ಕಮಿಷನ್ ಮೂಲಕ ಸಾಕ್ಷ್ಯ ಪಡೆಯುವ ದಾರಿಯೂ ಇದೆ. ಅವರಿಗೆ ವರ್ಗವಾಗಿದ್ದರೆ ಅಥವಾ ತೀರಿಕೊಂಡಿದ್ದರೆ ಬೇರೆ ತಜ್ಞರು ಆಗಬಹುದು, ಆದರೆ ಅವರು ನಿಮ್ಮನ್ನು ಪರೀಕ್ಷಿಸಿ, ಹಳೆಯ ಕೇಸ್ ಶೀಟ್ ನೋಡಿ ಬರೆದಿರಬೇಕು. ಅಂಗವಿಕಲರಿಗೆ ಕೊಡುವ ಯುಡಿಐಡಿ ಕಾರ್ಡ್ ಇದೆಯಲ್ಲ ಅಂತ ಸುಮ್ಮನಿರಬೇಡಿ: ಅದು ಸರ್ಕಾರಿ ಸೌಲಭ್ಯಕ್ಕೆ, ಅದರ ಪರ್ಸೆಂಟನ್ನು ನ್ಯಾಯಮಂಡಳಿ ಹಾಗೇ ಒಪ್ಪಬೇಕೆಂದಿಲ್ಲ.

ಕೇಸ್ ಶೀಟಿಗೆ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 72 ಗಂಟೆಯೊಳಗೆ ಕೊಡಬೇಕೆಂದು ಅದೇ 2002ರ ನಿಯಮಗಳು ಹೇಳುತ್ತವೆ. “ರೆಕಾರ್ಡ್ ರೂಮಿನವರು ರಜೆ” ಅನ್ನುವ ಗುಮಾಸ್ತರು ಎಲ್ಲ ಕಡೆ ಸಿಗುತ್ತಾರೆ. ಆ ಮಾತನ್ನೇ ಬರೆದುಕೊಡಿ ಅನ್ನಿ. ಕೈಗೆ ಬಂದಮೇಲೆ ಮೊದಲು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಟಿಪ್ಪಣಿ ಓದಿ. ಕಾರು ಗುದ್ದಿದ್ದರೂ “ಸ್ಕಿಡ್ ಆಗಿ ಬಿದ್ದರು” ಎಂದಿದ್ದರೆ ವಿಮಾ ಕಂಪನಿ ಅದನ್ನೇ ಹಿಡಿಯುತ್ತದೆ. ಹಾಗೆಂದು ಯಾರ ಕೈಲೂ ತಿದ್ದಿಸಬೇಡಿ. ಆಗ ಹೇಳಿಕೆ ಕೊಟ್ಟವರು ಯಾರು, ನಿಮಗೆ ಪ್ರಜ್ಞೆ ಇತ್ತೇ ಅನ್ನುವುದನ್ನು ವಕೀಲರಿಗೆ ತಿಳಿಸಿ.

2022ರ ಏಪ್ರಿಲ್ 1ರಿಂದ ಕ್ಲೇಮ್ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ಬಂದಿದೆ. ಏಜೆಂಟರು ಈ ಗಡುವನ್ನೇ ತೋರಿಸಿ ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಸುಳ್ಳು ಎಂದು ಗೊತ್ತಿದ್ದೂ ಪ್ರಮಾಣಪತ್ರ ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 235ನೇ ಕಲಮಿನಡಿ ಅಪರಾಧ. ಫೈಲಿನಲ್ಲಿ ಏಜೆಂಟನ ಹೆಸರು ಇರುವುದೇ ಇಲ್ಲ, ಅರ್ಜಿದಾರರು ನೀವು.

ಅಂಥ ಪ್ರಮಾಣಪತ್ರ ಈಗಾಗಲೇ ಫೈಲಿಗೆ ಸೇರಿದ್ದರೆ, ಅದನ್ನು ಸಾಕ್ಷ್ಯದಲ್ಲಿ ಗುರುತು ಮಾಡಿಸುವ ಮೊದಲೇ ನಿಮ್ಮ ವಕೀಲರಿಗೆ ನಿಜ ಹೇಳಿ. ಅದನ್ನು ಕೈಬಿಟ್ಟು, ಸರ್ಕಾರಿ ವೈದ್ಯಕೀಯ ಮಂಡಳಿಗೆ ಪರೀಕ್ಷೆಗೆ ಕಳಿಸಿ ಎಂದು ನ್ಯಾಯಮಂಡಳಿಯನ್ನು ಕೇಳಿಕೊಳ್ಳಬಹುದು. ಅಲ್ಲಿ 45 ಹೋಗಿ 15 ಬರಬಹುದು. ಆ 15 ಪಾಟೀಸವಾಲಿನಲ್ಲೂ ನಿಲ್ಲುತ್ತದೆ.